ತೆಗ್ಗಿನಹಾಳದ ಕೊನೆಯ ತೂಬು

ನೀರಿಗಿಂತ ಮೊದಲು ನೀರಿನ ವಾಸನೆ ಬರುತ್ತಿತ್ತು. ಬೇಸಿಗೆಯುದ್ದಕ್ಕೂ ಒಣಗಿ ಬಿರುಕು ಬಿಟ್ಟ ಕಾಲುವೆಯ ತಳದಲ್ಲಿ ಬಸವನಹುಳುವಿನ ಚಿಪ್ಪು, ಬೇವಿನ ಎಲೆ, ಕುರಿಹಿಕ್ಕೆ, ಯಾರೋ ಎಸೆದ ಹರಕು ಚಪ್ಪಲಿ ಎಲ್ಲ ಬಿದ್ದಿರುತ್ತಿದ್ದವು. ಮೇಲಿನ ಊರುಗಳನ್ನು ದಾಟಿ ಬರುವ ನೀರು ತನ್ನ ಮುಂದೆ ಒಂದಿಷ್ಟು ಗಾಳಿಯನ್ನೂ ದೂಡಿಕೊಂಡು ಬರುತ್ತಿತ್ತು. ನೆನೆದ ಧೂಳು, ಕೊಳೆತ ಬೇವು, ಕಾದ ಸಿಮೆಂಟಿನ ಮೇಲೆ ತಣ್ಣೀರು ಬಿದ್ದಾಗ ಏಳುವ ಹಬೆ, ಇವೆಲ್ಲ ಸೇರಿದ ವಾಸನೆ ಅದು. ಅಪ್ಪನ ಸೈಕಲ್ಲಿನ ಮುಂದಿನ ಕಂಬಿಯ ಮೇಲೆ ಕೂತ ಅಮರೇಶ್ವರಿಗೆ ಅದು ಎಲ್ಲರಿಗಿಂತ ಮೊದಲು ಸಿಗುತ್ತಿತ್ತು. "ಬಂತಪ್ಪಾ" ಎನ್ನುತ್ತಿದ್ದಳು. ಅಪ್ಪ ಸೈಕಲ್ ನಿಲ್ಲಿಸಿ, ಕಾಲೂರಿ, ಮೂಗು ಎತ್ತಿ ನೋಡಿ, "ನನಗೇನೂ ಬರವೊಲ್ದು. ನಿಂದು ನಾಯಿ ಮೂಗು ಬಿಡು" ಎಂದು ನಗುತ್ತಿದ್ದ.

ಅಪ್ಪ ಸೌಡಿ. ಕಾಲುವೆ ಕಾಯುವುದು, ಚಕ್ರ ತಿರುವಿ ತೂಬಿನ ಬಾಗಿಲು ಎತ್ತುವುದು, ಇಳಿಸುವುದು ಅವನ ಸರ್ಕಾರಿ ಕೆಲಸ. ಸುಳ್ಳೇಕೆ ಹೇಳಬೇಕು, ಅವನೇನು ಬಹಳ ನಿಯತ್ತಿನ ಮನುಷ್ಯನಲ್ಲ. ಮೇಲಿನ ಊರಿನವರು ಸುಗ್ಗಿಯಲ್ಲಿ ಒಂದು ಚೀಲ ನೆಲ್ಲು ಮನೆಗೆ ಕಳಿಸಿದರೆ ಅವರ ತೂಬು ನಾಲ್ಕು ಬೆರಳು ಹೆಚ್ಚಿಗೆ ಏಳುತ್ತಿತ್ತು. ಆದರೆ ಕಾಲುವೆಯ ತುದಿಯ ಊರು ತೆಗ್ಗಿನಹಾಳದ ಹೆಂಗಸರು ಸೈಕಲ್ಲಿಗೆ ಅಡ್ಡ ನಿಂತು, "ಒಡಹುಟ್ಟಿದಾಕಿ ಇದೇ ಊರಾಗ ಬಾಳೇವು ಮಾಡಾಕತ್ಯಾಳ, ನಿನಗ ನಾಚಿಕಿ ಬ್ಯಾಡೇನ?" ಎಂದು ಬೈದರೆ, ಸೈಕಲ್ ತಿರುಗಿಸಿ ಹೋಗಿ ಮೇಲಿನ ತೂಬುಗಳನ್ನೆಲ್ಲ ಇಳಿಸಿಯೂ ಬರುತ್ತಿದ್ದ. ಬಾಗುವ ಮನುಷ್ಯ ಎರಡೂ ಕಡೆಗೆ ಬಾಗುತ್ತಾನೆ. ಅದೊಂದು ಸಮಾಧಾನ ಆಗ ಇತ್ತು.

ಈಗ ಅಪ್ಪನೂ ಇಲ್ಲ, ಸೌಡಿ ಎಂಬ ಹುದ್ದೆಯೂ ಇಲ್ಲ. ಕಾಲುವೆಗಳನ್ನು ಸರ್ಕಾರ ರೈತರಿಗೇ ಒಪ್ಪಿಸಿಬಿಟ್ಟಿತ್ತು.

ಒಪ್ಪಿಸಿದ ದಿನ ಹಬ್ಬದ ಹಾಗಿತ್ತು. ಇಲಾಖೆಯ ಹಳೆಯ ಪ್ರವಾಸಿ ಮಂದಿರದ ಮುಂದೆ ಶಾಮಿಯಾನ ಹಾಕಿ, ಆಳೆತ್ತರದ ಒಂದು ಮರದ ಕೀಲಿಕೈಗೆ ಬಂಗಾರದ ಕಾಗದ ಸುತ್ತಿ, ನೀರು ಬಳಕೆದಾರರ ಮಹಾಮಂಡಲದ ಅಧ್ಯಕ್ಷ ಪಂಪನಗೌಡರ ಕೈಗೆ ಕೊಟ್ಟರು. "ಕೀಲಿಕೈ ಕೊಟ್ರು, ಬೀಗ ಎಲ್ಲಿ ಐತಿ ಹೇಳಲಿಲ್ಲ" ಎಂದು ಅಮರೇಶ್ವರಿಯ ಸೋದರತ್ತೆ ನೀಲಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಿದ್ದಳು. ನಕ್ಕರೂ ಅವಳ ಕಣ್ಣು ಒದ್ದೆಯಾಗಿತ್ತು. ತಾಯಿ ಇಲ್ಲದ ಅಮರೇಶ್ವರಿಯನ್ನು ತೆಗ್ಗಿನಹಾಳದಲ್ಲಿ ಸಾಕಿದವಳು ಅವಳು. ಸೌಡಿಯ ತಂಗಿಯಾಗಿಯೂ ನೀರಿಗಾಗಿ ಅವನಿಗೇ ಅಡ್ಡ ನಿಂತವಳು. ಇನ್ನು ಮೇಲೆ ಯಾರಿಗೂ ಅಡ್ಡ ನಿಲ್ಲಬೇಕಿಲ್ಲ, ನೀರು ನಮ್ಮದೇ ಎಂಬ ಮಾತನ್ನು ನಂಬದೆ ಇರುವುದು ಅವಳಿಗೂ ಆಗಿರಲಿಲ್ಲ.

ಒಪ್ಪಿಸುವಾಗ ಕೇವಲ ಕಾಲುವೆ ಬರಲಿಲ್ಲ. ಅದರ ಜೊತೆಗೆ ಸಮತಾ ಬಂತು.

ಸಮತಾ ಒಂದು ಯಂತ್ರ. ಊರಿನವರು ಅದಕ್ಕೆ ವಾರದೊಳಗೆ ಸಮತವ್ವ ಎಂದು ಹೆಸರಿಟ್ಟರು. ಪ್ರವಾಸಿ ಮಂದಿರದ ದೊಡ್ಡ ಕೋಣೆಯೇ ಅವಳ ಮನೆ. ಡಿಪ್ಲೊಮಾ ಓದಿದ್ದ, ಗಂಡ ತೀರಿಕೊಂಡ ಮೇಲೆ ಕೆಲಸ ಹುಡುಕುತ್ತಿದ್ದ ಅಮರೇಶ್ವರಿಯನ್ನು ಮಹಾಮಂಡಲ ಅದರ ನಿರ್ವಾಹಕಿಯಾಗಿ ತೆಗೆದುಕೊಂಡಿತು. ಪ್ರತಿ ಹೊಲದಲ್ಲಿ ಒಂದು ಲೋಹದ ಕಡ್ಡಿ ನೆಟ್ಟಿದ್ದರು. ಬೇರಿನ ಮಟ್ಟದಲ್ಲಿ ಮಣ್ಣಿಗೆ ಎಷ್ಟು ದಾಹವಿದೆ ಎಂದು ಅದು ಹೇಳುತ್ತಿತ್ತು. ಎಲ್ಲ ಕಡ್ಡಿಗಳ ಮಾತು ಕೇಳಿಕೊಂಡು ಯಂತ್ರವೇ ತೂಬುಗಳನ್ನು ಎತ್ತುತ್ತಿತ್ತು, ಇಳಿಸುತ್ತಿತ್ತು. ಯಾರೂ ಕೈಹಾಕಬಾರದೆಂದು ಕೈಚಕ್ರಗಳನ್ನೆಲ್ಲ ಕಿತ್ತು ಗುಜರಿಗೆ ಹಾಕಿದರು.

ಮೊದಲ ವರ್ಷವೇ ಜನ ಕಡ್ಡಿಗೆ ಮೋಸ ಮಾಡುವುದನ್ನು ಕಲಿತರು. ಸುತ್ತ ಒಣ ಬೂದಿ ತುಂಬಿದವರಿದ್ದರು. ಕಡ್ಡಿ ಕಿತ್ತು ಅಟ್ಟದ ಮೇಲೆ ಬಚ್ಚಿಟ್ಟವರಿದ್ದರು. ಅಟ್ಟದ ಬಾಯಾರಿಕೆಗೆ ಹೊಲದ ತುಂಬ ನೀರು ಬಂತು. ಆಗ ಸಮತಾವನ್ನು ಕಟ್ಟಿದ ವಿಜ್ಞಾನಿ ಮಧುಕೇಶ್ವರ ಮೈಸೂರು ಕಡೆಯಿಂದ ಬಂದು ಅದಕ್ಕೆ ಇನ್ನೊಂದು ವಿದ್ಯೆ ಕಲಿಸಿದರು. ಪ್ರತಿ ಮನೆಗೂ ಒಂದು ಪಾಳಿ ಇರುತ್ತದೆ. ಬೇಡವಾದರೆ ಫೋನಿನಲ್ಲಿ 'ಬಿಟ್ಟೆ' ಎಂದು ಒತ್ತಿ, ಯಾರಿಗೆ ಎಂದು ಹೇಳಿದರೆ, ಆ ನೀರು ಅವರ ಹೊಲಕ್ಕೆ ಹೋಗುತ್ತದೆ. ಯಾರು ಎಷ್ಟು ಬಿಟ್ಟರು ಎಂಬುದನ್ನು ನೋಡಿ ಯಂತ್ರ ಮುಂದಿನ ಹಂಗಾಮಿನ ಪಾಲು ನಿರ್ಧರಿಸುತ್ತದೆ.

"ಬಾಯಿ ಸುಳ್ಳು ಹೇಳುತ್ತೆ, ಕಡ್ಡಿ ಕೈಲೂ ಸುಳ್ಳು ಹೇಳಿಸಬಹುದು" ಎಂದು ಅವರು ಸಭೆಯಲ್ಲಿ ಹೇಳಿದ್ದರು. "ಆದರೆ ತನಗೆ ಬೇಕಾದ ನೀರನ್ನ ಯಾರೂ ಬಿಡೋದಿಲ್ಲ. ಬಿಟ್ಟರು ಅಂದರೆ ಅವರಿಗೆ ಸಾಕಾಗಿದೆ ಅಂತ ಅರ್ಥ."

ಎಷ್ಟು ಸರಿಯಾದ ಮಾತು ಎಂದು ಎಲ್ಲರೂ ಚಪ್ಪಾಳೆ ತಟ್ಟಿದರು. ಇನ್ನೊಂದು ನಿಯಮವನ್ನೂ ಕೈ ಎತ್ತಿ ಒಪ್ಪಿದರು: ಮುಕ್ಕಾಲು ಪಾಲು ರೈತರು ಒಪ್ಪದೆ ಸಮತಾದ ಯಾವ ಸೂತ್ರವನ್ನೂ ತಿದ್ದಬಾರದು. ಮಂತ್ರಿ ಹೇಳಿದರೂ ಇಲ್ಲ, ಎಂಜಿನಿಯರ್ ಹೇಳಿದರೂ ಇಲ್ಲ. ಅಮರೇಶ್ವರಿಯೂ ಕೈ ಎತ್ತಿದ್ದಳು. ಅಪ್ಪನ ಮನೆಗೆ ಬರುತ್ತಿದ್ದ ನೆಲ್ಲಿನ ಚೀಲಗಳು ಅವಳಿಗೆ ನೆನಪಿದ್ದವು.

*

ತೆಗ್ಗಿನಹಾಳದಲ್ಲಿ ಒಂದು ಪದ್ಧತಿ ಇತ್ತು. ಹಿರಿಯರು ಅದನ್ನು ನೀರಿನ ಕೈಗಡ ಎನ್ನುತ್ತಿದ್ದರು. ಆ ಸೀಮೆಯಲ್ಲಿ ಮನೆಗೆ ಬಂದವರಿಗೆ ಮೊದಲು ಒಂದು ತಂಬಿಗೆ ನೀರು ಕೊಡುವುದು ಎಲ್ಲ ಕಡೆಯೂ ಇದೆ. ಇಲ್ಲಿ ಇನ್ನೊಂದು ಬಗೆಯ ತಂಬಿಗೆಯೂ ಇತ್ತು. ಹೊಲ ಒಣಗಿದವರು ತಮ್ಮ ಮನೆಯಿಂದಲೇ ಖಾಲಿ ತಂಬಿಗೆ ತಂದು, ಇನ್ನೊಬ್ಬರ ಕಟ್ಟೆಯ ಮೇಲಿಟ್ಟು ಸುಮ್ಮನೆ ಕೂಡುತ್ತಿದ್ದರು. ನೀರು ಕೊಡಿ ಎಂದು ಬಾಯಿಬಿಟ್ಟು ಕೇಳುವಂತಿಲ್ಲ. ಮನೆಯವರು ಆ ತಂಬಿಗೆಯನ್ನು ತುಂಬಿ ತಂದಿಟ್ಟರೆ, ಈ ಸಲದ ಪಾಳಿ ನಿಮಗೆ ಎಂದು ಅರ್ಥ. ಖಾಲಿ ತಂಬಿಗೆ ಹಿಂದಕ್ಕೆ ಹೋದದ್ದನ್ನು ನೀಲಮ್ಮ ಕಂಡಿರಲಿಲ್ಲ, ಅವಳ ಅತ್ತೆಯೂ ಕಂಡಿರಲಿಲ್ಲ. ಸಾವಾದ ಮನೆಗೆ, ಬಾಣಂತಿ ಇರುವ ಮನೆಗೆ, ಎತ್ತು ಕಳಕೊಂಡವರಿಗೆ ಹಾಗೆ ಎಷ್ಟು ಪಾಳಿಗಳು ಹೋದವೋ. ಕೊಟ್ಟದ್ದನ್ನು ಎಣಿಸುವುದು ಆ ಊರಿನಲ್ಲಿ ಹೊಲಸು ಮಾತಾಡಿದಷ್ಟೇ ಕೆಟ್ಟದ್ದು.

ಕಾಲ ಬದಲಾಗಿ ತಂಬಿಗೆ ತುಂಬಿದ ಮೇಲೆ ಫೋನನ್ನೂ ಒತ್ತಬೇಕಾಯಿತು. ಒತ್ತಿದರು. ಊರಿನವರು ಎಣಿಸಲಿಲ್ಲ. ಸಮತಾ ಎಣಿಸಿದಳು.

ಹಂಗಾಮು ಹಂಗಾಮಿಗೆ ತೆಗ್ಗಿನಹಾಳದ ಪಾಲು ಕರಗುತ್ತಿರುವುದನ್ನು ಅಮರೇಶ್ವರಿ ಪರದೆಯ ಮೇಲೆ ನೋಡಿದಳು. ಮೊದಲು ನೀರು ಎಲ್ಲೋ ಬಸಿದುಹೋಗುತ್ತಿರಬೇಕು ಎಂದುಕೊಂಡಳು. ಕಾಲುವೆಯುದ್ದಕ್ಕೂ ನಡೆದು ನೋಡಿದಳು. ಕಾಲುವೆ ಗಟ್ಟಿಯಾಗಿತ್ತು. ಕೊನೆಗೆ ಮಧುಕೇಶ್ವರರಿಗೆ ಕರೆ ಮಾಡಿದಳು. ಪರದೆಯಲ್ಲಿ ಅವರ ಮುಖ ಬಂತು. ಹಿಂದೆ ಅಡುಗೆಮನೆಯ ಕಪಾಟು ಕಾಣುತ್ತಿತ್ತು.

"ಸರ್, ಈ ಊರಿನ ಜನ ನೀರು ಬ್ಯಾಡಾಗಿ ಬಿಡೂದಿಲ್ಲ. ಕಷ್ಟದಾಗ ಇದ್ದವ್ರಿಗೆ ಕೊಡ್ತಾರ. ತಮಗ ಬೇಕಾದದ್ದನ್ನ ಕೊಡ್ತಾರ."

 ಯಾರೋ ಚಹಾ ತಂದಿಟ್ಟರು. ಅದನ್ನು ಅವರು ಮುಟ್ಟಲಿಲ್ಲ.

"ಬೇಕಾದದ್ದನ್ನೇ ಕೊಡ್ತಾರಾ?" ಎಂದರು.

"ಹೌದ್ರಿ."

"ಅಂಥದ್ದೊಂದು ಇರಬಹುದು ಅಂತ ನಾನು ಯೋಚನೆ ಮಾಡಲೇ ಇಲ್ಲ ಅಮರೇಶ್ವರಿ ಅವರೇ" ಎಂದರು. "ತಿದ್ದೋದು ಒಂದು ಸಾಲಿನ ಕೆಲಸ. ನಾನು ಇಲ್ಲೇ ಕೂತು ತಿದ್ದಬಲ್ಲೆ. ಆದರೆ ನನಗೆ ಹಕ್ಕಿಲ್ಲ. ಸಭೆಗೆ ಹೋಗಿ."

*

ಸಭೆಗೆ ಹೋಗುವ ಮುಂಚೆ ಅವಳು ಇಲಾಖೆಯ ಕಚೇರಿಗೂ ಹೋಗಿಬಂದಳು. ಅಲ್ಲಿಯ ಅಧಿಕಾರಿ ಒಳ್ಳೆಯ ಮನುಷ್ಯ. ಬಿಸಿಲಲ್ಲಿ ಬಂದಿದ್ದೀರಿ ಎಂದು ಫ್ಯಾನನ್ನು ಅವಳ ಕಡೆಗೆ ತಿರುಗಿಸಿದ. "ಕಾಲುವೆ ನಮ್ಮದಲ್ಲವಲ್ಲ ಮೇಡಂ. ನಾವು ಒಂದು ಕಾಗದ ಬರೆದರೂ ಅದು ಹಸ್ತಕ್ಷೇಪ ಆಗುತ್ತೆ" ಎಂದ. ಬಾಗಿಲವರೆಗೆ ಬಂದು ಬೀಳ್ಕೊಟ್ಟ.

ಪಂಪನಗೌಡರೂ ಕೆಟ್ಟವರಲ್ಲ. ಅವರ ಊರು ಕಾಲುವೆಯ ಬಾಯಿಗೇ ಇತ್ತು. ಗದ್ದೆ ಎಂದೂ ಒಣಗಿದ್ದಿಲ್ಲ. ಅವಳಿಗೆ ಅವಲಕ್ಕಿ ತರಿಸಿ, ತಿನ್ನುವವರೆಗೆ ಕಾದು, ಆಮೇಲೆ ಮಾತಾಡಿದರು.

"ನೋಡು ತಂಗಿ, ನಾ ಬ್ಯಾಡ ಅನ್ನಂಗಿಲ್ಲ. ಇವತ್ತು ನಿಮ್ಮ ಊರಿಗೆ ತಿದ್ದಿದ್ರ ನಾಳೆ ಇನ್ನೊಂದು ಊರವ್ರು ಬಂದು ಕುಂದರ್ತಾರ. ಯಾರ ಕೈಲೂ ತಿದ್ದಾಕ ಆಗಬಾರದು ಅಂತನ ಅಲ್ಲೇನ ನಾವೆಲ್ಲ ಕೈ ಎತ್ತಿದ್ದು? ಆದ್ರೂ ಮತಕ್ಕ ಹಾಕೋಣು. ಜನ ಹೂಂ ಅಂದ್ರ ನನ್ನದೇನ ಹೋಗ್ತೈತಿ."

ಸಭೆಯಲ್ಲಿ ಅಮರೇಶ್ವರಿ ಎಲ್ಲ ವಿವರಿಸಿದ ಮೇಲೆ ಮತಕ್ಕೆ ಹಾಕಿದರು. ಬೇಡ ಎಂದವರು ಬಹಳ ಕಡಿಮೆ. ಬಹಳ ಜನ ಫೋನನ್ನೇ ಒತ್ತಲಿಲ್ಲ. ಅದು ನೆಲ್ಲು ಕೊಯ್ಲಿನ ಸಮಯ. ಯಂತ್ರದ ಕರೆ ಬಂದಾಗ ಕೆಲವರು ಗದ್ದೆಯಲ್ಲಿದ್ದರು, ಕೆಲವರು ಆಮೇಲೆ ಒತ್ತಿದರಾಯಿತು ಎಂದರು. ನೀರು ಬರುತ್ತಿರುವವನಿಗೆ ನೀರಿನ ಸೂತ್ರ ಓದುವ ಪುರಸೊತ್ತು ಎಲ್ಲಿರುತ್ತದೆ? ಮುಕ್ಕಾಲು ಪಾಲಿನ ಹತ್ತಿರಕ್ಕೂ ಬರಲಿಲ್ಲ.

ಅದೇ ವಾರ ಸಮತಾ ಒಂದು ಸೂಚನೆ ಕೊಟ್ಟಳು. ತೆಗ್ಗಿನಹಾಳಕ್ಕೆ ನೀರಿನ ಅಗತ್ಯ ಕಡಿಮೆ. ಅಷ್ಟು ಸ್ವಲ್ಪ ನೀರಿಗಾಗಿ ಅಷ್ಟು ಉದ್ದದ ಕಾಲುವೆಯನ್ನು ತೋಯಿಸಿದರೆ ಹೊಲಕ್ಕೆ ಹೋಗುವುದಕ್ಕಿಂತ ನೆಲ ಕುಡಿಯುವುದೇ ಹೆಚ್ಚು. ಇನ್ನೊಂದು ಹಂಗಾಮು ಹೀಗೇ ಆದರೆ ಕೊನೆಯ ತೂಬನ್ನು ಕಾಯಂ ಆಗಿ ಮುಚ್ಚುವುದು ಒಳ್ಳೆಯದು.

ಅಲ್ಲಿ ಬೋರು ಕೊರೆದರೆ ಸೌಳು ನೀರು. ಅದನ್ನು ಕುರಿಯೂ ಕುಡಿಯುವುದಿಲ್ಲ. ತೂಬು ಮುಚ್ಚಿದರೆ ಹೊಲ ಹೋಯಿತು. ಹೊಲ ಹೋದರೆ ಊರು.

ಅಮರೇಶ್ವರಿ ಮತ್ತೆ ಮಧುಕೇಶ್ವರರಿಗೆ ಕರೆ ಮಾಡಿದಳು. ಅವರೇ ಒಂದು ದಾರಿ ಹುಡುಕಿಟ್ಟಿದ್ದರು. "ಒಂದು ಪೂರ್ತಿ ಹಂಗಾಮು ಆ ಊರಿನವರು ಯಾರಿಗೂ ಪಾಳಿ ಬಿಡಬಾರದು. ಒಬ್ಬರೂ ಬಿಡಬಾರದು. ಆಗ ಅದು ತಾನು ಕಲಿತದ್ದನ್ನ ಮರೆತು ಹೊಸದಾಗಿ ಕಲಿಯುತ್ತೆ. ಪಾಲು ತಿರುಗಿ ಬರುತ್ತೆ. ಇದಕ್ಕೆ ಯಾರ ಮತವೂ ಬೇಡ."

*

ಭಾನುವಾರ ನೀಲಮ್ಮನ ಮನೆಯಲ್ಲಿ ರೊಟ್ಟಿ ಬಡಿಯುವ ಸದ್ದಿನ ನಡುವೆ ಅವಳು ಇದನ್ನು ಹೇಳಿದಳು. ನೀಲಮ್ಮ ಹೆಂಚಿನ ಮೇಲಿನ ರೊಟ್ಟಿಗೆ ನೀರು ಸವರುತ್ತ ಕೇಳಿದಳು.

"ಒಂದು ಹಂಗಾಮು ಕೊಡಬಾರದು. ಅಷ್ಟ ಹೌದಿಲ್ಲ?"

"ಅಷ್ಟ, ಅತ್ತಿ."

"ಯಾರರ ತಂಬಿಗಿ ಹಿಡಕೊಂಡು ಬಂದ್ರ?"

"ತುಂಬಬ್ಯಾಡ್ರಿ."

ನೀಲಮ್ಮ ರೊಟ್ಟಿ ತಿರುವಿಹಾಕಿದಳು. "ಅಮರಿ, ನಿಮ್ಮ ಸಮತವ್ವಗ ಹೊಟ್ಟಿ ಐತೇನ?"

"ಯಂತ್ರ ಅತ್ತಿ ಅದು. ಹೊಟ್ಟಿ ಎಲ್ಲಿಂದ ಬರ್ತೈತಿ?"

"ಅದಕ್ಕ ಕೇಳಿದೆ. ಹೊಟ್ಟಿ ಇಲ್ಲದಾಕಿ ಬಡಿಸಾಕ ನಿಂತ್ರ, ಯಾರು ಕೈ ಅಡ್ಡ ಹಿಡೀತಾರ ಅವ್ರದು ತುಂಬೈತಿ ಅಂತ ತಿಳೀತಾಳ. ನಾಚಿಕಿಗೆ ಕೈ ಅಡ್ಡ ಹಿಡಿಯೋರೂ ಇರ್ತಾರ ಅಂತ ಆಕಿಗೇನು ಗೊತ್ತು, ಪಾಪ." ರೊಟ್ಟಿ ಇಳಿಸಿ, "ಆತು. ಊರಿಗೆ ನಾ ಹೇಳ್ತೀನಿ. ನೀ ಉಣ್ಣು" ಎಂದಳು.

ಹೇಳಿದಳು. ದ್ಯಾಮವ್ವನ ಗುಡಿಯ ಮುಂದೆ ಊರು ಕೂಡಿ, ಈ ಹಂಗಾಮು ಯಾರೂ ಪಾಳಿ ಬಿಡಬಾರದು ಎಂದು ಮಾತಾಯಿತು. ಮಾತು ಉಳಿಸಿಕೊಂಡರು ಕೂಡ. ಹಂಗಾಮಿನ ಮೊದಲಲ್ಲಿ ಒಬ್ಬಾಕೆಯ ಗಂಡ ತೀರಿಕೊಂಡು ಅವಳ ಪಾಳಿ ತಪ್ಪಿದಾಗ, ಫೋನು ಮುಟ್ಟದೆ, ಅಕ್ಕಪಕ್ಕದವರು ತಮ್ಮ ಹೊಲದಿಂದ ಕೊಡ ಹೊತ್ತು ಅವಳ ಮೆಣಸಿನಕಾಯಿ ಗಿಡಕ್ಕೆ ಒಂದೊಂದಾಗಿ ನೀರು ಹಾಕಿದರು. ಯಂತ್ರಕ್ಕೆ ಕೊಡದ ಲೆಕ್ಕವನ್ನು ಸೊಂಟ ನೋಯಿಸಿಕೊಂಡು ತೆತ್ತರು. ಆದರೂ ಗಿಡ ಅರ್ಧ ಒಣಗಿತು. ಅವಳು ಯಾರನ್ನೂ ದೂರಲಿಲ್ಲ.

ಪರದೆಯ ಮೇಲೆ ಹೊಲಕ್ಕೊಂದರಂತೆ ಇದ್ದ ತೆಗ್ಗಿನಹಾಳದ ಚುಕ್ಕಿಗಳು ಹಸಿರಾಗಿಯೇ ಉಳಿದವು. ಪಾಳಿ ಬಿಟ್ಟರೆ ಚುಕ್ಕಿ ಹಳದಿಯಾಗುತ್ತದೆ. ಪ್ರತಿ ಸಲ ಕಾಲುವೆಗೆ ನೀರು ಬಂದಾಗಲೂ ಅಮರೇಶ್ವರಿ ಒಂದೊಂದನ್ನೇ ನೋಡುತ್ತಿದ್ದಳು. ಒಂದೂ ಹಳದಿ ಇಲ್ಲ. ಮಧುಕೇಶ್ವರರೂ ಅಲ್ಲಿಂದಲೇ ನೋಡುತ್ತಿದ್ದರೇನೋ, ಕರೆ ಮಾಡಿ, "ಇನ್ನೊಂದೇ ಪಾಳಿ ಉಳಿದಿರೋದು. ಅದಾದರೆ ಗೆದ್ದ ಹಾಗೆ" ಎಂದರು. ಅವರ ದನಿಯಲ್ಲಿ ಪರೀಕ್ಷೆ ಬರೆದ ಹುಡುಗನ ಆತಂಕವಿತ್ತು. ಅದು ಅವಳಿಗೆ ಹಿಡಿಸಿತು.

*

ಕೊನೆಯ ಪಾಳಿಯ ಮುಂಚೆ ಹುಣಸಿಹಾಳದಲ್ಲಿ ಕಾಲುವೆ ಒಡೆಯಿತು.

ಹುಣಸಿಹಾಳ ತೆಗ್ಗಿನಹಾಳಕ್ಕಿಂತ ಒಂದೇ ಮೆಟ್ಟಿಲು ಮೇಲಿನ ಊರು. ಅವರ ತೂಬು ದಾಟಿ ಒಳಗೆ ಹೋದ ನೀರು, ಏರಿ ಕುಸಿದು, ಗದ್ದೆಗೆ ಹೋಗದೆ ಹಳ್ಳಕ್ಕೆ ಹೋಯಿತು. ತೂಬಿನಲ್ಲಿರುವ ಮಾಪಕದ ಪ್ರಕಾರ ನೀರು ಸೇರಿತ್ತು. ಆದ್ದರಿಂದ ಸಮತಾ ಹುಣಸಿಹಾಳದ ಪಾಳಿ ಮುಗಿಯಿತು ಎಂದು ಗುರುತು ಹಾಕಿದಳು. ಕಡ್ಡಿಗಳೆಲ್ಲ ದಾಹ ದಾಹ ಎನ್ನುತ್ತಿದ್ದವು. ಆದರೆ ನೀರು ಪಡೆದ ಮೇಲೂ ದಾಹ ಎನ್ನುವ ಕಡ್ಡಿಯನ್ನು ನಂಬಬಾರದು ಎಂದು ಬೂದಿಯ ಕಾಲದಲ್ಲೇ ಅವಳಿಗೆ ಕಲಿಸಿದ್ದರು. ನೆಲ್ಲು ಹಾಲುಗಾಳಿನಲ್ಲಿತ್ತು. ಒಂದು ನೀರು ತಪ್ಪಿದರೆ ಇಡೀ ಊರಿಗೆ ಜೊಳ್ಳು.

ಏರಿಯನ್ನು ಹುಣಸಿಹಾಳದವರು ಒಂದೇ ದಿನದಲ್ಲಿ ಮಣ್ಣು ಹೊತ್ತು ಕಟ್ಟಿದರು. ಆದರೆ ಹರಿಸಲು ಅವರ ಪಾಲಿನ ನೀರು ಉಳಿದಿರಲಿಲ್ಲ. ಅಮರೇಶ್ವರಿ ಪಂಪನಗೌಡರಿಗೆ ಫೋನು ಮಾಡಿದಳು, ಮೇಲಿನ ಊರುಗಳ ಸಂಘಗಳಿಗೆಲ್ಲ ಮಾಡಿದಳು. ಯಾರಾದರೂ ಒಂದಿಷ್ಟು ಪಾಳಿ ಬಿಡಿ ಎಂದಳು. ಎಲ್ಲರೂ ಅಯ್ಯೋ ಪಾಪ ಎಂದರು. ಬಿಟ್ಟರೆ ಏನಾಗುತ್ತದೆ ಎಂಬುದು ಈಗ ಎಲ್ಲರಿಗೂ ತಿಳಿದಿತ್ತು. ಅದನ್ನು ಸಭೆಯಲ್ಲಿ ನಿಂತು ವಿವರವಾಗಿ ತಿಳಿಸಿಕೊಟ್ಟವಳು ಅವಳೇ.

ತೆಗ್ಗಿನಹಾಳದ ಪಾಳಿಯ ದಿನ ಬೆಳಗ್ಗೆ ಹುಣಸಿಹಾಳದವರು ನಡೆದುಕೊಂಡು ಬಂದರು. ಇದನ್ನು ನೀಲಮ್ಮ ಆಮೇಲೆ ಹೇಳಿದ್ದು. ಮುಂದೆ ರಾಜಾಬಿ ಇದ್ದಳು, ಹುಣಸಿಹಾಳದ ಹೆಂಗಸರ ಸಂಘದ ಮುಖ್ಯಸ್ಥೆ, ನೀಲಮ್ಮನ ಜೊತೆ ಎಷ್ಟೋ ವರ್ಷ ಮೆಣಸಿನಕಾಯಿ ಬಿಡಿಸಲು ಹೋಗಿದ್ದವಳು. ಪಾಳಿ ಬಿಡಬಾರದೆಂಬ ಈ ಊರಿನ ಮಾತು ಅವರಿಗೂ ಗೊತ್ತಿತ್ತು. ಅದಕ್ಕೇ ಯಾರ ಕಟ್ಟೆಗೂ ಹೋಗಲಿಲ್ಲ. ಗುಡಿಯ ಮುಂದಿನ ಬೇವಿನ ನೆರಳಲ್ಲಿ ಕೂತರು. ತಂಬಿಗೆಗಳನ್ನು ಸೆರಗಿನಲ್ಲಿ, ಟವೆಲ್ಲಿನಲ್ಲಿ ಮುಚ್ಚಿಕೊಂಡಿದ್ದರು. ಹೊರಗೆ ಇಡಲಿಲ್ಲ.

ತೆಗ್ಗಿನಹಾಳದವರು ತಮ್ಮ ತಮ್ಮ ಬಾಗಿಲಲ್ಲಿ ನಿಂತು ನೋಡಿದರು. ಒಬ್ಬ ಮುದುಕ ಬಾಗಿಲು ಹಾಕಿಕೊಂಡ, ಮತ್ತೆ ತೆಗೆದ. ಬಿಸಿಲೇರಿತು.

ನೀಲಮ್ಮ ಹೋಗಿ ರಾಜಾಬಿಯ ಪಕ್ಕ ಕೂತಳು.

"ಯಾಕ ಬಂದೀರಿ ರಾಜಾಬಿ?"

"ಸುಮ್ಮನ ಬಂದೀವಿ ಅಕ್ಕ. ಮನ್ಯಾಗ ಕುಂದ್ರಾಕ ಆಗಲಿಲ್ಲ. ಗದ್ದಿ ನೋಡಾಕ ಆಗವೊಲ್ದು."

"ಸೆರಗಿನ್ಯಾಗೇನೈತಿ?"

ರಾಜಾಬಿ ಸೆರಗನ್ನು ಇನ್ನಷ್ಟು ಬಿಗಿಯಾಗಿ ಎಳೆದುಕೊಂಡಳು.

"ಮುಚ್ಚಿದ್ರ ತಂಬಿಗಿ ಕಾಣಂಗಿಲ್ಲ ಅಂತ ಮಾಡೀಯೇನ? ಬಸುರಿ ಹೊಟ್ಟಿ ಕಂಡಂಗ ಕಾಣಾಕತ್ತೈತಿ" ಎಂದಳು ನೀಲಮ್ಮ.

ಇಬ್ಬರೂ ನಕ್ಕರು. ನಗುತ್ತಲೇ ರಾಜಾಬಿ ಅಳತೊಡಗಿದಳು. ನೀಲಮ್ಮ ಅವಳ ಸೆರಗಿನೊಳಗೆ ಕೈಹಾಕಿ ತಂಬಿಗೆ ತೆಗೆದುಕೊಂಡು, ಮನೆಗೆ ಹೋಗಿ, ತುಂಬಿಸಿ ತಂದಿಟ್ಟಳು.

*

ನಿಯಂತ್ರಣ ಕೊಠಡಿಯಲ್ಲಿ ಆ ಹೊತ್ತಿಗೆ ಅಮರೇಶ್ವರಿ ಪರದೆಯ ಮುಂದೆ ಕೂತಿದ್ದಳು. ಕೊನೆಯ ತೂಬು ಏಳಲು ಇನ್ನೂ ಸ್ವಲ್ಪ ಹೊತ್ತಿತ್ತು. ಒಂದು ಚುಕ್ಕಿ ಹಳದಿಯಾಯಿತು.

ಅದು ಯಾರ ಹೊಲ ಎಂದು ನೋಡುವ ಅಗತ್ಯ ಅವಳಿಗಿರಲಿಲ್ಲ. ಚಿಕ್ಕಂದಿನಲ್ಲಿ ಆ ಹೊಲದ ಬದುವಿನಲ್ಲಿ ಮಲಗಿ ಎದ್ದವಳು ಅವಳು. ಫೋನು ತೆಗೆದುಕೊಂಡಳು.

"ಅತ್ತಿ, ಏನ ಮಾಡಿದಿ? ಹಿಂದಕ್ಕ ತಗೊ. ಇನ್ನೂ ತಗೊಳ್ಳಾಕ ಬರ್ತೈತಿ. ಇದೊಂದು ಪಾಳಿ, ಅತ್ತಿ. ಇದೊಂದ."

"ತಂಬಿಗಿ ತುಂಬಿಬಿಟ್ಟೆ, ಅವ್ವ" ಎಂದಳು ನೀಲಮ್ಮ. ತಪ್ಪು ಮಾಡಿದವಳ ದನಿಯಲ್ಲ ಅದು. ದಣಿದ ದನಿ. "ನೀ ಅಲ್ಲಿಂದ ಚುಕ್ಕಿ ನೋಡ್ತಿ. ನಾ ಇಲ್ಲಿ ಮಕ ನೋಡೀನಿ."

"ಊರು ಹೋಗ್ತೈತಿ, ಅತ್ತಿ."

"ಗೊತ್ತೈತಿ ನನಗ. ಖಾಲಿ ತಂಬಿಗಿ ಕಳಿಸಿ ಉಳಿಸಿಕೊಂಡ್ರ ಅದು ಯಾವ ಊರು ಆತು ಹೇಳು."

 ಪರದೆಯ ಮೇಲೆ ಇನ್ನೊಂದು ಚುಕ್ಕಿ ಹಳದಿಯಾಯಿತು. ಆಮೇಲೆ ಮತ್ತೊಂದು. ಗಂಡ ಸತ್ತ ಆ ಹೆಂಗಸಿನ ಅರ್ಧ ಒಣಗಿದ ಮೆಣಸಿನಕಾಯಿ ಹೊಲದ ಚುಕ್ಕಿಯೂ ಆಯಿತು. ಬಾಗಿಲು ಹಾಕಿ ತೆಗೆದ ಮುದುಕನದೂ ಆಯಿತು. ಬೇವು ಹಣ್ಣಾಗುವ ಹಾಗೆ ಆ ಮೂಲೆಯೆಲ್ಲ ಹಳದಿಯಾಯಿತು. ಮಧುಕೇಶ್ವರರ ಕರೆ ಬಂತು. ಅವರೂ ನೋಡುತ್ತಿದ್ದರು. ಅವಳು ಎತ್ತಿದಳು.  ಅವಳು ಅಳುವುದು ಮುಗಿಯುವವರೆಗೆ ಅವರು ಕರೆ ಕಡಿಯದೆ ಹಾಗೇ ಇದ್ದರು.

ಹುಣಸಿಹಾಳದ ತೂಬು ಎದ್ದಿತು. ತೆಗ್ಗಿನಹಾಳದ್ದು ಏಳಲಿಲ್ಲ.

ಹಂಗಾಮು ಮುಗಿದ ಮೇಲೆ ಸಮತಾದ ತೀರ್ಮಾನ ಬಂತು. ಭಾಷೆ ಬಹಳ ಸೌಜನ್ಯದ್ದು. ಮಧುಕೇಶ್ವರರೇ ಕಲಿಸಿದ್ದು. ತೆಗ್ಗಿನಹಾಳದ ಸದಸ್ಯರ ಉದಾರ ಸಹಕಾರಕ್ಕೆ ಧನ್ಯವಾದ. ಅವರ ತೂಬು ಇನ್ನು ಅಗತ್ಯವಿಲ್ಲ. ಅಮರೇಶ್ವರಿ ಇನ್ನೊಮ್ಮೆ ಮತಕ್ಕೆ ಹಾಕಿಸಿದಳು. ಈ ಸಲ ಹುಣಸಿಹಾಳದಲ್ಲಿ ಒಂದು ಮನೆಯೂ ಬಿಡದೆ ಹೌದು ಎಂದು ಒತ್ತಿತು. ಮಲಗಿದಲ್ಲಿದ್ದ ಮುದುಕರ ಕೈ ಹಿಡಿದು ಒತ್ತಿಸಿದರಂತೆ. ಪಂಪನಗೌಡರೂ ಒತ್ತಿದರು. ಆದರೆ ಕಾಲುವೆ ಉದ್ದವಾಗಿತ್ತು, ಊರುಗಳು ಬಹಳ ಇದ್ದವು, ಮುಕ್ಕಾಲು ಎಂಬುದು ದೂರವಿತ್ತು. ಮುಂದಿನ ಹಂಗಾಮಿಗೆ ನಮ್ಮ ಪಾಳಿ ನಿಮಗೇ ಎಂದು ರಾಜಾಬಿ ಬಂದು ಹೇಳಿದಳು. ತೂಬೇ ಇಲ್ಲದ ಮೇಲೆ ಪಾಳಿ ಎಲ್ಲಿಂದ ಬರಬೇಕು? "ಬ್ಯಾಡ. ನೀವು ಬಿಡಬ್ಯಾಡ್ರಿ" ಎಂದು ನೀಲಮ್ಮ ಅವಳ ಕೈ ಹಿಡಿದುಕೊಂಡಳು. "ಇನ್ನ ಕೊನೀ ಊರು ನೀವ."

*

ಮುಚ್ಚುವ ದಿನ ಅಮರೇಶ್ವರಿಯೇ ಹೋದಳು. ನಿರ್ವಾಹಕಿಯ ಹೆಬ್ಬೆರಳಿನ ಗುರುತಿಲ್ಲದೆ ಕೆಲಸ ಶುರುವಾಗುವಂತಿರಲಿಲ್ಲ. ಒಲ್ಲೆ ಎಂದಿದ್ದರೆ ಬೇರೆ ಯಾರನ್ನಾದರೂ ಕಳಿಸುತ್ತಿದ್ದರು. ಹೊರಗಿನವರ ಕೈಯಿಂದ ಆಗುವುದು ಬೇಡ ಎನಿಸಿತು ಅವಳಿಗೆ. ಅದು ಸರಿಯೋ ತಪ್ಪೋ ಎಂದು ಯೋಚಿಸುವುದನ್ನು ಬಿಟ್ಟಿದ್ದಳು.

ಗೌಂಡಿ ಯಮನೂರಪ್ಪ ಸಿಮೆಂಟು ಕಲಸುವ ಮುಂಚೆ ತೂಬಿನ ಬುಡಕ್ಕೆ ಇಳಿದ. ಅಲ್ಲಿ ಕಡೆಯ ನೀರು ಒಂದು ಹೊಂಡದಷ್ಟು ನಿಂತಿತ್ತು. ಅದರಲ್ಲಿ ಬೆರಳುದ್ದದ ಮೀನುಮರಿಗಳು ಇದ್ದವು. ಅವನು ಸಿಮೆಂಟಿನ ಬುಟ್ಟಿಯನ್ನು ತೊಳೆದು, ಮೀನುಗಳನ್ನೆಲ್ಲ ಅದರಲ್ಲಿ ಬಾಚಿಕೊಂಡು, ತೂಬಿನ ಮೇಲ್ಗಡೆ ಬಹಳ ದೂರ, ಇನ್ನೂ ನೀರಿದ್ದಲ್ಲಿಗೆ ನಡೆದುಹೋಗಿ ಬಿಟ್ಟು ಬಂದ.  ಬಂದು, ಹೊಂಡದಲ್ಲಿ ಉಳಿದ ನೀರಿನಲ್ಲೇ ಸಿಮೆಂಟು ಕಲಸಿ, ಕರಣಿ ಕೈಗೆತ್ತಿಕೊಂಡ. ಅಮರೇಶ್ವರಿ ಹೆಬ್ಬೆರಳು ಒತ್ತಿದಳು.

ಇಟ್ಟಿಗೆಯ ಸಾಲುಗಳು ಒಂದರ ಮೇಲೊಂದು ಏರಿದವು. ಕೆಲಸ ಮುಗಿದಾಗ ನಡುಮಧ್ಯಾಹ್ನ. ಹೊಸ ಗಾರೆ ಗಟ್ಟಿಯಾಗಬೇಕಾದರೆ ಮೇಲೆ ನೀರು ಚಿಮುಕಿಸಬೇಕು. ಯಮನೂರಪ್ಪ ಅತ್ತಿತ್ತ ನೋಡಿ, ತಾನು ಕುಡಿಯಲು ತಂದ ಬಾಟಲಿಯ ನೀರನ್ನೇ ಚಿಮುಕಿಸಿದ. ಆಗ ಗಾಳಿಯಲ್ಲಿ ಒಂದು ಕ್ಷಣ ಅದೇ ವಾಸನೆ ಎದ್ದಿತು. ಕಾದ ಸಿಮೆಂಟು, ನೆನೆದ ಧೂಳು. ಅಮರೇಶ್ವರಿಗೆ ತಿಳಿಯದೆ ಅವಳ ತಲೆ ಮೇಲಿನ ಊರುಗಳ ಕಡೆ ತಿರುಗಿತು. ಕಾಲುವೆ ಖಾಲಿಯಿತ್ತು.

ಊರಿನ ಕಡೆಯಿಂದ ನೀಲಮ್ಮ ಬರುವುದು ಕಂಡಿತು. ತಲೆಯ ಮೇಲೆ ಬುತ್ತಿ. ಹಿಂದೆ ಊರಿನಲ್ಲಿ ಟ್ರ್ಯಾಕ್ಟರಿಗೆ ಯಾರದೋ ಮನೆಯ ಮಂಚ, ಕಪಾಟು ಹೇರುತ್ತಿದ್ದರು. ಈ ವಾರದಲ್ಲಿ ಹೋಗುತ್ತಿರುವ ಮೊದಲ ಮನೆಯೇನೂ ಅದಲ್ಲ. ಮುಂದಿನ ಸೋಮವಾರ ತನ್ನ ಕ್ವಾರ್ಟರ್ಸಿಗೆ ಬಂದುಬಿಡು ಎಂದು ಅಮರೇಶ್ವರಿ ಅತ್ತೆಗೆ ಹೇಳಿದ್ದಳು. ತಾನು ಬರುವುದಿಲ್ಲ ಎಂದು ನೀಲಮ್ಮ ಹೇಳಿರಲಿಲ್ಲ, ಬರುತ್ತೇನೆ ಎಂದೂ ಹೇಳಿರಲಿಲ್ಲ.

ಅಮರೇಶ್ವರಿ ಎದ್ದು ನಿಂತಳು. ಅವಳ ಹೆಬ್ಬೆರಳಿಗೆ ಗಾರೆ ಮೆತ್ತಿಕೊಂಡಿತ್ತು. ಸೀರೆಗೆ ಒರೆಸಿಕೊಂಡರೂ ಅದು ಹೋಗಲಿಲ್ಲ. 

ನೀಲಮ್ಮ ಒಣ ಕಾಲುವೆಯ ಏರಿಯ ಮೇಲೆ ಕುಕ್ಕರುಗಾಲಲ್ಲಿ ಕೂತು ಬುತ್ತಿಯ ಗಂಟು ಬಿಚ್ಚಿದಳು. ಈ ಊರಿನಲ್ಲಿ ಬುತ್ತಿ ಎಂದರೆ ರೊಟ್ಟಿ. ಇವತ್ತು ಅದರಲ್ಲಿ ಅನ್ನವಿತ್ತು. ಹುಣಸಿಹಾಳದವರು ಮನೆಮನೆಗೆ ಹೊತ್ತು ತಂದು ಕೊಟ್ಟ ಹೊಸ ಅಕ್ಕಿಯ ಅನ್ನ, ಇನ್ನೂ ಹಬೆಯಾಡುತ್ತಿದ್ದದ್ದು, ಮೇಲೆ ಒಂದಿಷ್ಟು ಪುಂಡಿಪಲ್ಯ. ಮೊದಲು ಗೌಂಡಿಗೆ ಒಂದು ತಟ್ಟೆಯಲ್ಲಿ ಹಾಕಿ ದೂಡಿದಳು. ಆಮೇಲೆ ಸಣ್ಣ ತಂಬಿಗೆಯಿಂದ ಅಮರೇಶ್ವರಿಯ ಕೈಗೆ ನೀರು ಹನಿಸಿ, ಹೆಬ್ಬೆರಳಿನ ಗಾರೆಯನ್ನು ತನ್ನ ಬೆರಳಿನಿಂದಲೇ ಉಜ್ಜಿ ತೆಗೆದು, ಅನ್ನದ ತಟ್ಟೆಯನ್ನು ಆ ಒದ್ದೆ ಕೈಯಲ್ಲಿ ಇಟ್ಟಳು.